ಅಂಚಿನಲ್ಲಿ ಬಣ್ಣ ತೆಳು



ಮಲೆನಾಡಿನ ಮಳೆ ಹೊರಟುಹೋಗುವಾಗ ನಮ್ಮ ವಾಹನಗಳ ಮೇಲೆ ತನ್ನ ಗುರುತನ್ನು ಬಿಟ್ಟೇ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದ ಕಾರಿನ ಕಿಟಕಿ ರಬ್ಬರಿನ ಸಂದಿಯಲ್ಲಿ ಹಸಿರು ಪಾಚಿ. ಚಕ್ರದ ಸುತ್ತ ಕೆಮ್ಮಣ್ಣಿನ ಹೆಪ್ಪು. ಅಂಗಳದ ಹಲಸಿನ ಮರದಡಿ ನಿಲ್ಲಿಸಿದ್ದರೆ ಬಾನೆಟ್ಟಿನ ಮೇಲೆ ಮೇಣದ ಕಲೆ. ಅದು ಸಾಲದೆಂಬಂತೆ ಅಡಿಕೆ ಕೊಯ್ಲು ಶುರುವಾದರೆ ಚೊಗರಿನ ಹನಿಗಳೂ ಸೇರಿಕೊಳ್ಳುತ್ತವೆ. ಕೊಪ್ಪದ ಬಾಳಗಡಿಯಿಂದ ಹಿಡಿದು ಶೃಂಗೇರಿ, ನರಸಿಂಹರಾಜಪುರದವರೆಗೆ ಯಾವ ಅಂಗಳ ನೋಡಿದರೂ ಇದೇ ಕಥೆ. ಆಗಮನಕಾಲ ಹತ್ತಿರವಾದಂತೆ ಮನೆಯವರಿಗೆ ನೆನಪಾಗುತ್ತದೆ: ಕ್ರಿಸ್ಮಸ್ಸಿಗೆ ನೆಂಟರು ಬರುತ್ತಾರೆ, ಜನವರಿಯಲ್ಲಿ ಮದುವೆಗಳಿವೆ, ಕಾರಿಗೊಂದು ಪಾಲಿಶ್ ಹೊಡೆಸಬೇಕು.

ಕುಟುಂಬದ ಪುಟದಲ್ಲಿ ಗ್ಯಾರೇಜಿನ ಮಾತು ಪುಟ ತಪ್ಪಿ ಬಂತೇ ಎಂದು ಕೇಳಬೇಡಿ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ತೆರೆದು ನೋಡಿ. ಕುಲುಮೆಯ ಮುಂದೆ ಕುಳಿತ ಕಮ್ಮಾರ, ತಿಗರಿಯ ಮುಂದೆ ಕುಳಿತ ಕುಂಬಾರ, ಮುದ್ರೆ ಕೆತ್ತುವವನು, ಇವರೆಲ್ಲರ ಕೈಕೆಲಸವನ್ನು ಆ ಜ್ಞಾನಿ ಎಷ್ಟು ಹತ್ತಿರದಿಂದ ನೋಡಿ ಬರೆದಿದ್ದಾನೆ! ಅವರ ದುಡಿಮೆಯಲ್ಲೇ ಅವರ ಪ್ರಾರ್ಥನೆ ಅಡಗಿದೆ ಎಂಬುದು ಅವನ ಅಭಿಪ್ರಾಯ. ಇಂದು ಅವನು ನಮ್ಮ ಮಧ್ಯೆ ಇದ್ದಿದ್ದರೆ ಬಫಿಂಗ್ ಮೆಶಿನ್ ಹಿಡಿದು ಕಾರಿನ ಮೇಲೆ ಬಾಗಿರುವ ಹುಡುಗನನ್ನೂ ಆ ಸಾಲಿಗೆ ಸೇರಿಸುತ್ತಿದ್ದ ಎಂದು ನನ್ನ ನಂಬಿಕೆ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಹುಡುಗರು ಇದೇ ಕೆಲಸ ಕಲಿಯಲು ಮಂಗಳೂರಿಗೂ ಬೆಂಗಳೂರಿಗೂ ಹೋಗುತ್ತಾರೆ. ಅವರು ಅಲ್ಲಿ ಕಲಿಯುವ ಪಾಠದಲ್ಲಿ ಅವರ ತಂದೆತಾಯಿಗಳಾದ ನಮಗೂ ಪಾಲಿದೆ.

ಆ ಯಂತ್ರದ ಸ್ವಭಾವವನ್ನು ಮೊದಲು ತಿಳಿದುಕೊಳ್ಳೋಣ. ಒಂದು ಹಿಡಿ, ಒಂದು ಮೋಟಾರು, ತುದಿಯಲ್ಲಿ ಉಣ್ಣೆಯದೋ ಫೋಮಿನದೋ ಒಂದು ದುಂಡಗಿನ ಪ್ಯಾಡು. ಪ್ಯಾಡು ಒಂದೇ ಅಚ್ಚಿನ ಮೇಲೆ, ಒಂದೇ ದಿಕ್ಕಿಗೆ ಸುತ್ತುತ್ತದೆ. ಯಂತ್ರಕ್ಕನುಸಾರವಾಗಿ ನಿಮಿಷಕ್ಕೆ 600ರಿಂದ 3000 ಸುತ್ತು. ಸುತ್ತುತ್ತಲೇ ಅಲುಗಾಡುವ ಇನ್ನೊಂದು ಬಗೆಯ ಯಂತ್ರವೂ ಈಗ ಬಂದಿದೆ. ಅದು ಕಲಿಯುವವರ ತಪ್ಪನ್ನು ಸ್ವಲ್ಪ ಸಹಿಸಿಕೊಳ್ಳುತ್ತದೆ. ಈ ಹಳೆಯ ಯಂತ್ರ ಹಾಗಲ್ಲ. ಒಂದೇ ಕಡೆ ಎರಡು ಕ್ಷಣ ಹೆಚ್ಚು ನಿಂತರೆ ಅಲ್ಲಿ ಬಿಸಿ ಏರುತ್ತದೆ. ಕೆಲಸ ಬಲ್ಲವನ ಕೈಯಲ್ಲಿ ಇದರಷ್ಟು ಬೇಗ ಕೆಲಸ ಮುಗಿಸುವುದು ಬೇರೊಂದಿಲ್ಲ; ಬಾರದವನ ಕೈಯಲ್ಲಿ ಇದರಷ್ಟು ಬೇಗ ಕಾರು ಕೆಡಿಸುವುದೂ ಬೇರೊಂದಿಲ್ಲ.

ಪಾಲಿಶ್ ಎಂದರೆ ಹೊಳೆಯುವ ಏನನ್ನೋ ಮೇಲೆ ಹಚ್ಚುವುದು ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ನಿಜ ಸಂಗತಿ ತಿರುಗುಮುರುಗಾಗಿದೆ. ಪಾಲಿಶ್ ಎಂದರೆ ತೆಗೆಯುವುದು. ಗೀರು ಎಂದರೆ ಒಂದು ಸಣ್ಣ ಕಣಿವೆ. ಅದರ ಅಂಚಿಗೆ ಬಿದ್ದ ಬೆಳಕು ಚದುರುವುದರಿಂದ ಗೀರು ಕಣ್ಣಿಗೆ ಬೀಳುತ್ತದೆ. ಕಾಂಪೌಂಡಿನ ನುಣುಪಾದ ಪುಡಿ ಸುತ್ತಲಿನ ಎತ್ತರವನ್ನು ಸವೆಸಿ ಸವೆಸಿ ಕಣಿವೆಯ ತಳದ ಮಟ್ಟಕ್ಕೆ ತರುತ್ತದೆ. ಕಣಿವೆ ತುಂಬಲಿಲ್ಲ, ಗುಡ್ಡ ತಗ್ಗಿತು; ಅಷ್ಟೆ.

ಹಾಗಾದರೆ ತೆಗೆಯಲು ಎಷ್ಟು ಇದೆ? ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಬಣ್ಣವೇ ಮೇಲಿನ ಪದರ. ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣ ಮೆತ್ತಿಕೊಳ್ಳುತ್ತಿತ್ತು. ಎಷ್ಟು ಹೋಯಿತೆಂದು ಉಜ್ಜುವವನಿಗೆ ಕಾಣುತ್ತಿತ್ತು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ, ಗಾಜಿನಂಥ ಪದರವಿದೆ. ಸಾಮಾನ್ಯವಾಗಿ ಅದರ ದಪ್ಪ 40ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಮಕ್ಕಳ ನೋಟುಪುಸ್ತಕದ ಹಾಳೆಯೊಂದು ಹೆಚ್ಚುಕಡಿಮೆ 100 ಮೈಕ್ರಾನ್ ಇರುತ್ತದೆ. ಅದರ ಅರ್ಧದಷ್ಟು ಈ ಪದರ. ಇಷ್ಟರಲ್ಲೇ ಕಾರಿನ ಆಯುಷ್ಯವೆಲ್ಲ ಕಳೆಯಬೇಕು. ಒಂದು ಸಲ ಜೋರಾಗಿ ಕಾಂಪೌಂಡ್ ಹೊಡೆದರೆ ಕೆಲವು ಮೈಕ್ರಾನ್ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. ಅದಕ್ಕಿಂತ ಕಳವಳದ ಮಾತೆಂದರೆ, ಪದರಕ್ಕೆ ಬಣ್ಣವಿಲ್ಲದ್ದರಿಂದ ಪ್ಯಾಡಿನ ಮೇಲೆ ಏನೂ ಕಾಣುವುದಿಲ್ಲ. ಉಜ್ಜುವವನು ಏನೂ ಹೋಗಲಿಲ್ಲವೆಂದೇ ತಿಳಿಯುತ್ತಾನೆ.

ನಾನು ಹೇಳಲು ಹೊರಟಿರುವುದು ಏನೆಂದು ನೀವು ಈಗಾಗಲೇ ಊಹಿಸಿದ್ದೀರಿ. ನಮ್ಮ ಅಜ್ಜಂದಿರ ಕಾಲದಲ್ಲಿ ಮಕ್ಕಳಿಗೆ ಬೆತ್ತದ ರುಚಿ ಸಿಗುತ್ತಿತ್ತು. ಅದು ಸರಿಯಲ್ಲ, ಆದರೆ ಬಾಸುಂಡೆ ಎದ್ದದ್ದು ಕಾಣುತ್ತಿತ್ತು; ಅಜ್ಜಿಯಾದರೂ ಓಡಿ ಬಂದು ಎಣ್ಣೆ ಹಚ್ಚುತ್ತಿದ್ದಳು. ಈಗ ನಾವು ಬೆತ್ತ ಹಿಡಿಯುವುದಿಲ್ಲ, ನಾಲಿಗೆ ಹಿಡಿಯುತ್ತೇವೆ. "ನೀನು ಯಾತಕ್ಕೂ ಲಾಯಕ್ಕಿಲ್ಲ ಮಾರಾಯ", "ಪಕ್ಕದ ಮನೆಯವರ ಮಗಳನ್ನು ನೋಡು", "ನಿನ್ನನ್ನು ಓದಿಸಿದ ದುಡ್ಡಿಗೆ ಒಂದೆಕರೆ ತೋಟ ತಗೊಳ್ಳಬಹುದಿತ್ತು". ಹೇಳಿ ಮುಗಿಸಿ ನಾವು ಊಟಕ್ಕೆ ಕೂರುತ್ತೇವೆ. ಮಗನೂ ಸುಮ್ಮನೆ ಊಟ ಮಾಡುತ್ತಾನೆ. ಪ್ಯಾಡಿನ ಮೇಲೆ ಏನೂ ಕಾಣಲಿಲ್ಲ.

ಕೆಲಸ ಕಲಿಸುವ ಒಳ್ಳೆಯ ಮೇಸ್ತ್ರಿ ಹೊಸ ಹುಡುಗನ ಕೈಗೆ ಮೊದಲ ದಿನವೇ ಯಂತ್ರ ಕೊಡುವುದಿಲ್ಲ. ಬಕೆಟ್ ಕೊಡುತ್ತಾನೆ. ಮೊದಲ ಪಾಠ ನೀರಿನದು. ಕಾರಿನ ಮೇಲೆ ಕಾಣುವ, ಜೇಡರ ಬಲೆಯಂಥ ಸಣ್ಣ ಸಣ್ಣ ಗೀರುಗಳು ಎಲ್ಲಿಂದ ಬರುತ್ತವೆ ಗೊತ್ತೇ? ಹೆಚ್ಚಿನವು ಅಪಘಾತದಿಂದ ಬಂದವಲ್ಲ, ಮುಳ್ಳುಕಂಟಿಯಿಂದಲೂ ಬಂದವಲ್ಲ. ದಿನಾ ಬೆಳಗ್ಗೆ ಕಾರಿನ ಮೇಲಿನ ಪ್ರೀತಿಯಿಂದ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸುವವರು ಮಾಡಿದವು. ನಮ್ಮ ಘಾಟಿ ರಸ್ತೆಯ ಧೂಳಿನಲ್ಲಿ ಮರಳಿದೆ. ಒಣ ಬಟ್ಟೆಯ ಅಡಿಯಲ್ಲಿ ಸಿಕ್ಕ ಮರಳಿನ ಕಾಳು ಒರೆಸಿದಷ್ಟೂ ಗೀರುತ್ತದೆ. ಆದ್ದರಿಂದ ಧಾರಾಳವಾಗಿ ನೀರು ಬಿಟ್ಟು ಮಣ್ಣು ಸಡಿಲವಾಗಿ ಇಳಿದುಹೋದ ಮೇಲೆಯೇ ಮೈಮುಟ್ಟಬೇಕು.

ಈ ಒಣ ಬಟ್ಟೆಯ ಮಾತು ತಾಯಂದಿರು ಬೇಸರಿಸದೆ ಕೇಳಬೇಕು. ಅಪ್ಪಂದಿರೇನೂ ಇದಕ್ಕೆ ಹೊರತಲ್ಲ. ಮನೆಯಲ್ಲಿ ದೊಡ್ಡ ಜಗಳಗಳು ವರ್ಷಕ್ಕೆ ಎರಡೋ ಮೂರೋ. ಮಕ್ಕಳ ಮನಸ್ಸನ್ನು ಮಸುಕು ಮಾಡುವುದು ಬೆಳಗ್ಗೆ ಎದ್ದಾಗಿನಿಂದ ಹಿಡಿದ ಒರೆಸುವಿಕೆ: ಚಾದರ ಮಡಚಲಿಲ್ಲ, ತಲೆ ಬಾಚಲಿಲ್ಲ, ಮೊಬೈಲು ಬಿಡಲಿಲ್ಲ, ಜಪಸರಕ್ಕೆ ಕೂತರೆ ಆಕಳಿಸುತ್ತೀಯ. ಒಂದೊಂದೂ ಪ್ರೀತಿಯಿಂದ ಹೇಳಿದ ಮಾತೇ. ಅವೆಲ್ಲ ಒಟ್ಟಾದಾಗ ಮಗುವಿಗೆ ಮನೆಯೆಂದರೆ ಒರಟು ಬಟ್ಟೆ. ಮಕ್ಕಳನ್ನು ಕೆಣಕಿ ಅವರ ಎದೆ ಕುಗ್ಗಿಸಬೇಡಿ ಎಂದು ಸಂತ ಪೌಲರು ಕೊಲೊಸ್ಸೆಯ ತಂದೆಯರಿಗೆ ಬುದ್ಧಿ ಹೇಳಿದ್ದು (3:21) ಇಂಥದ್ದನ್ನೇ ಕಂಡಿರಬೇಕು. ಮಕ್ಕಳು ಮಾತು ಕೇಳಬೇಕೆಂಬ ಹಿಂದಿನ ವಚನವನ್ನು ನಾವು ಮನೆಯಲ್ಲಿ ಬಾಯಿಪಾಠ ಮಾಡಿಸುತ್ತೇವೆ, ಇದನ್ನು ಮಾತ್ರ ಯಾಕೋ ಮರೆಯುತ್ತೇವೆ.

ತೊಳೆದಾಯಿತು. ಈಗ ಯಂತ್ರ. ಮೇಸ್ತ್ರಿ ಗುಜರಿಯಿಂದ ತಂದ ಹಳೆಯ ಬಾನೆಟ್ಟೊಂದನ್ನು ಮುಂದಿಡುತ್ತಾನೆ. ಅದರ ಮೇಲೆ ಹುಡುಗನ ಕೈ ಪಳಗಬೇಕು. ವಯರನ್ನು ಹೆಗಲ ಮೇಲೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಅದೇ ಎಳೆದಾಡಿ ಗೀರುತ್ತದೆ. ಪ್ಯಾಡನ್ನು ಮೊದಲು ಬಣ್ಣದ ಮೇಲೆ ಇಟ್ಟು ನಂತರ ಮೆಲ್ಲಗೆ ಗುಂಡಿ ಒತ್ತಬೇಕು. ಕಡಮೆ ವೇಗದಲ್ಲಿ ಕಾಂಪೌಂಡ್ ಹರಡಿ, ಆಮೇಲೆ 1000, 1500 ಸುತ್ತಿಗೆ ಏರಿಸಬೇಕು. ಎರಡಡಿ ಚೌಕದಷ್ಟೇ ಜಾಗ ಒಂದು ಸಲಕ್ಕೆ. ಕೈ ಎಲ್ಲಿಯೂ ನಿಲ್ಲಬಾರದು, ಯಂತ್ರದ ಭಾರವೇ ಸಾಕು, ಮೈಭಾರ ಹಾಕಬಾರದು. ಆಗಾಗ ನಿಲ್ಲಿಸಿ ಅಂಗೈಯ ಹಿಂಭಾಗದಿಂದ ತಗಡಿನ ಬಿಸಿ ಮುಟ್ಟಿ ನೋಡಬೇಕು. ಪ್ಲಾಸ್ಟಿಕ್ ಬಂಪರಿನ ಮೇಲೆ ಇನ್ನೂ ಎಚ್ಚರ. ತಗಡಿನಂತೆ ಅದು ಬಿಸಿಯನ್ನು ಹರಡಿಬಿಡುವುದಿಲ್ಲ, ಒಳಗೇ ಇಟ್ಟುಕೊಳ್ಳುತ್ತದೆ. ಎಲ್ಲವನ್ನೂ ಒಳಗೇ ಇಟ್ಟುಕೊಳ್ಳುವ ಮಕ್ಕಳೂ ಇದ್ದಾರೆ, ಅಲ್ಲವೇ?

ಆದರೆ ಕಲಿಯುವವನು ಎಡವುವುದು ಬಯಲಿನಲ್ಲಿ ಅಲ್ಲ, ಅಂಚಿನಲ್ಲಿ. ಬಾಗಿಲಿನ ತುದಿ, ಬಾನೆಟ್ಟಿನ ಏಣು, ಉಬ್ಬಿದ ಗೆರೆ. ಬಣ್ಣ ಹೊಡೆದಾಗ ದ್ರವ ಅಲ್ಲಿಂದ ಹಿಂದಕ್ಕೆ ಸರಿಯುವುದರಿಂದ ಪದರ ಅಲ್ಲಿ ಮೊದಲೇ ತೆಳು. ಸಾಲದ್ದಕ್ಕೆ ಪ್ಯಾಡಿನ ಒತ್ತಡವೆಲ್ಲ ಆ ಕಿರಿದಾದ ಗೆರೆಯ ಮೇಲೆ ಬೀಳುತ್ತದೆ. ಒಂದೆರಡು ಕ್ಷಣ ಸಾಕು, ಬಣ್ಣ ಸುಟ್ಟು ಅಡಿಯ ಪ್ರೈಮರ್ ಇಣುಕುತ್ತದೆ. ಅದಕ್ಕೇ ಬಲ್ಲವರು ಯಂತ್ರ ಮುಟ್ಟುವ ಮೊದಲು ಅಂಚುಗಳ ಮೇಲೆಲ್ಲ ಮಾಸ್ಕಿಂಗ್ ಟೇಪು ಅಂಟಿಸುತ್ತಾರೆ. ಅಲ್ಲಿ ಕೆಲಸ ಇದ್ದರೆ ಕೈಯಲ್ಲೇ, ಬಟ್ಟೆಯಲ್ಲೇ.

ಪ್ರತಿಯೊಬ್ಬರಲ್ಲೂ ಇಂಥ ಅಂಚುಗಳಿವೆ. ಒಬ್ಬನಿಗೆ ತನ್ನ ಬಡ ಬಾಲ್ಯ. ಒಬ್ಬಳಿಗೆ ತನ್ನ ಮೈಬಣ್ಣ. ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾದ ಹುಡುಗನಿಗೆ ಆ ಒಂದು ಮಾರ್ಕ್ಸ್‌ಕಾರ್ಡು. ಮಕ್ಕಳಾಗದ ಸೊಸೆಗೆ ಜ್ಞಾನಸ್ನಾನದ ಊಟದ ಮನೆಯಲ್ಲಿ ಯಾರೋ ಕೇಳುವ ಪ್ರಶ್ನೆ. ಕುಡಿತ ಬಿಟ್ಟು ಆರು ತಿಂಗಳಾದ ಗಂಡನಿಗೆ "ನಿನ್ನ ಹಳೇ ಕಥೆ ಗೊತ್ತಿಲ್ವಾ" ಎಂಬ ಒಂದು ಮಾತು. ಮನೆಯವರಿಗೆ ಈ ಅಂಚುಗಳು ಚೆನ್ನಾಗಿ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ಗೊತ್ತಿರುವುದು ಟೇಪು ಅಂಟಿಸುವುದಕ್ಕೆ. ಜಗಳದಲ್ಲಿ ನಾವು ನೇರವಾಗಿ ಅಲ್ಲಿಗೇ ಯಂತ್ರ ಒಯ್ಯುತ್ತೇವೆ.

ಹಾಗಾದರೆ ತಪ್ಪು ಕಂಡರೂ ಸುಮ್ಮನಿರಬೇಕೇ? ಇಲ್ಲ. ಶುಭಸಂದೇಶ ಹಾಗೆ ಹೇಳುವುದಿಲ್ಲ. ಗೀರು ಕಾಣದಂತೆ ಎಣ್ಣೆಯಂಥ ಪಾಲಿಶ್ ಹಚ್ಚಿ ಕೊಡುವವರೂ ಇದ್ದಾರೆ. ನಾಲ್ಕು ಸಲ ತೊಳೆದರೆ ಗೀರು ಮತ್ತೆ ಎದ್ದು ಕೂರುತ್ತದೆ. ಮಗನ ತಪ್ಪನ್ನು ಮುಚ್ಚಿ ಮದುವೆ ಮಾಡಿಸಿ ಸೊಸೆಯ ಕೊರಳಿಗೆ ಕಟ್ಟುವ ಮನೆಗಳು ಈ ಜಾತಿಯವು. ತಪ್ಪನ್ನು ತಿದ್ದಲೇಬೇಕು. ಹೇಗೆ ಎಂಬುದಕ್ಕೆ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಪ್ರಭು ಒಂದು ಕ್ರಮ ಹಾಕಿಕೊಟ್ಟಿದ್ದಾರೆ: ಮೊದಲು ಏಕಾಂತದಲ್ಲಿ, ಅವನೂ ನೀನೂ ಇಬ್ಬರೇ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು. ಅದಕ್ಕೂ ಬಗ್ಗದಿದ್ದರೆ ಸಭೆಯ ಮುಂದೆ. ಬಫಿಂಗ್ ಬಲ್ಲವರ ಕ್ರಮವೂ ಅಕ್ಷರಶಃ ಇದೇ. ಮೊದಲು ಒಂದು ಮೂಲೆಯಲ್ಲಿ ಅತಿ ಮೆತ್ತಗಿನ ಪ್ಯಾಡು, ಅತಿ ನುಣುಪಿನ ಪಾಲಿಶ್ ಹಾಕಿ ನೋಡುತ್ತಾರೆ. ಅಷ್ಟರಲ್ಲೇ ಗೀರು ಹೋದರೆ ಮುಂದೆ ಹೋಗುವುದೇ ಇಲ್ಲ. ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಖಾರದ್ದು. ನಮ್ಮ ಮನೆಗಳಲ್ಲಿ ಕ್ರಮ ತಲೆಕೆಳಗು: ಮೊದಲು ಇಡೀ ಊರಿಗೆ ಕೇಳುವಂತೆ ಕೂಗು, ನಂತರ ಅಜ್ಜನಿಗೆ, ಚಿಕ್ಕಪ್ಪನಿಗೆ ಫೋನು, ಎಲ್ಲ ಮುಗಿದ ಮೇಲೆ ಯಾವತ್ತೋ ಒಂದು ದಿನ ಇಬ್ಬರೇ ಕುಳಿತು ಮಾತು; ಅದೂ ಅದೃಷ್ಟವಿದ್ದರೆ.

ಈ ಕ್ರಮವನ್ನು ಕೆಲಸ ಕಲಿಯುವ ಹುಡುಗರ ನಡುವೆಯೇ ಬಾಳಿ ತೋರಿಸಿದವರು ಸಂತ ಜಾನ್ ಬಾಸ್ಕೊ. 19ನೆಯ ಶತಮಾನದ ಇಟಲಿಯ ಟ್ಯೂರಿನ್ ನಗರಕ್ಕೆ ಹಳ್ಳಿಗಳಿಂದ ಹುಡುಗರು ಕೆಲಸ ಹುಡುಕಿಕೊಂಡು ಬರುತ್ತಿದ್ದರು. ಒಡೆಯರು ಅವರನ್ನು ಹೊಡೆಯುತ್ತಿದ್ದರು, ಮನೆಗೆಲಸದ ಆಳುಗಳಂತೆ ದುಡಿಸುತ್ತಿದ್ದರು. ಸ್ವಾಮಿ ಬಾಸ್ಕೊ ಒಡೆಯರ ಬಳಿ ಹೋಗಿ ಕರಾರು ಪತ್ರ ಬರೆಸಿದರು. ಬಡಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬನ ಪರವಾಗಿ 1852ರಲ್ಲಿ ಮಾಡಿಸಿದ ಅಂಥ ಪತ್ರವೊಂದು ಉಳಿದುಬಂದಿದೆ. ಹುಡುಗ ತಪ್ಪು ಮಾಡಿದರೆ ಮಾತಿನಿಂದ ಮಾತ್ರ ತಿದ್ದಬೇಕು, ಕೈಮಾಡಬಾರದು, ಕಸುಬಿಗೆ ಸಂಬಂಧವಿಲ್ಲದ ಚಾಕರಿ ಹೇಳಬಾರದು, ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು ಎಂದು ಒಡೆಯನಿಂದ ಸಹಿ ಹಾಕಿಸಿದ್ದಾರೆ. ಮುಂದೆ 1877ರಲ್ಲಿ ತಮ್ಮ ಶಿಕ್ಷಣ ಕ್ರಮವನ್ನು ಬರೆದಿಟ್ಟಾಗಲೂ ಗದರಿಕೆ, ಶಿಕ್ಷೆ ಎಲ್ಲರೆದುರು ಬೇಡ, ಏಕಾಂತದಲ್ಲಿರಲಿ ಎಂದು ಒತ್ತಿ ಹೇಳಿದರು. ಮಕ್ಕಳ ಕೈಗೆ ಕಸುಬು ಕೊಡುವುದೂ ಅವರ ಮಾನ ಕಾಯುವುದೂ ಆ ಸಂತರಿಗೆ ಒಂದೇ ಕೆಲಸವಾಗಿತ್ತು. ಈಗ ಗ್ಯಾರೇಜು ನಡೆಸುವ ನಮ್ಮ ಕ್ರೈಸ್ತ ಸಹೋದರರು ಈ ಕರಾರನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಲಿ. ಅಲ್ಲಿ ಪಾನೆ ಹಿಡಿದು ನಿಂತ ಹುಡುಗ ಯಾರದೋ ಮನೆಯ ಜಪಸರದಲ್ಲಿ ದಿನಾ ನೆನಪಾಗುವ ಮಗ.

ಪ್ಯಾಡಿನ ಬಗ್ಗೆ ಒಂದು ಮಾತು ಬಾಕಿ ಇದೆ. ನೆಲಕ್ಕೆ ಬಿದ್ದ ಪ್ಯಾಡನ್ನು ತೊಳೆಯದೆ ಮತ್ತೆ ಬಳಸುವುದಿಲ್ಲ; ಅಂಟಿಕೊಂಡ ಒಂದೇ ಒಂದು ಮರಳು ಹೊಸ ಗೀರುಗಳ ಹಾರವನ್ನೇ ಹಾಕುತ್ತದೆ. ಹಿಂದಿನ ಕಾರಿನ ಕಾಂಪೌಂಡ್ ಒಣಗಿ ಗಟ್ಟಿಯಾಗಿದ್ದರೂ ಅಷ್ಟೆ. ಪೇಟೆಯಲ್ಲಿ ಯಾರೋ ಮಾಡಿದ ಅವಮಾನ, ಅಡಿಕೆ ಮಂಡಿಯಲ್ಲಿ ಸಿಗದ ರೇಟು, ಬ್ಯಾಂಕಿನ ನೋಟೀಸು, ಇವೆಲ್ಲ ಅಂಟಿದ ಪ್ಯಾಡಿನಲ್ಲಿ ಸಂಜೆ ಮಗನನ್ನು ಉಜ್ಜಿದರೆ ಗೀರಿನ ಲೆಕ್ಕ ಯಾರ ಹೆಸರಿಗೆ? ಸಹೋದರನ ಕಣ್ಣಿನ ರವೆಗೆ ಕೈ ಹಾಕುವ ಮೊದಲು ತನ್ನ ಕಣ್ಣಿನ ತೊಲೆಯನ್ನು ನೋಡಿಕೊಳ್ಳುವಂತೆ ಪ್ರಭು ಹೇಳಿದ್ದು (ಮತ್ತಾಯ 7:3-5) ಸಭ್ಯತೆಯ ಮಾತು ಮಾತ್ರವಲ್ಲ, ಕೆಲಸದ ಮಾತು. ಬಡಗಿಯ ಅಂಗಡಿಯಲ್ಲಿ ಬೆಳೆದವರು ಅವರು. ಕೀಸುಳಿ ಹಾಕಿ ತೆಗೆದ ಮರ ಹಿಂದಕ್ಕೆ ಬರುವುದಿಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರು ಹೇಗೆ ತಿದ್ದಿದರೆಂದು ನೋಡಬೇಕೇ? ಯೊವಾನ್ನನ ಶುಭಸಂದೇಶದ 21ನೆಯ ಅಧ್ಯಾಯ ಓದಿ. ಪೇತ್ರ ಮೂರು ಸಲ ತನ್ನ ಗುರುವನ್ನು ಅರಿಯೆನೆಂದದ್ದು ಮಹಾಯಾಜಕನ ಅಂಗಳದಲ್ಲಿ, ಇದ್ದಿಲ ಬೆಂಕಿಯ ಮುಂದೆ. ಈಗ ಸರೋವರದ ದಡದಲ್ಲಿ ಮತ್ತೆ ಇದ್ದಿಲ ಬೆಂಕಿ. ಆ ಬೆಂಕಿ ಕಂಡಾಗಲೇ ಪೇತ್ರನ ಎದೆ ಹೊಡೆದುಕೊಂಡಿರಬೇಕು. ಪ್ರಭು ಏನು ಮಾಡಿದರು? ಮೀನು ಸುಟ್ಟರು, ರೊಟ್ಟಿ ಕೊಟ್ಟರು. ರಾತ್ರಿಯಿಡೀ ಬಲೆ ಬೀಸಿ ದಣಿದವನಿಗೆ ಮೊದಲು ಹೊಟ್ಟೆಗೆ. ಊಟವಾದ ಮೇಲೆಯೇ ಮಾತು. ಆ ಅಂಗಳದ ಹೆಸರೆತ್ತಲಿಲ್ಲ, ಕೋಳಿ ಕೂಗಿದ್ದನ್ನು ನೆನಪಿಸಲಿಲ್ಲ, ಹಂಗಿಸಲಿಲ್ಲ. ತನ್ನ ಮೇಲೆ ಪ್ರೀತಿ ಇದೆಯೇ ಎಂದಷ್ಟೇ ಕೇಳಿದರು. ಅದೂ ಮೂರು ಸಲ. ಮೂರನೆಯ ಸಲ ಪೇತ್ರನಿಗೆ ನೋವಾಯಿತು ಎಂದು ಶುಭಸಂದೇಶಕಾರ ಮರೆಮಾಡದೆ ಬರೆದಿದ್ದಾನೆ. ನೋಯದಂತೆ ತಿದ್ದಲಾಗುವುದಿಲ್ಲ. ಆದರೆ ಪ್ರತಿ ಸಲವೂ ಆ ನೋವಿನ ಜೊತೆಗೇ ಒಂದು ಜವಾಬ್ದಾರಿ ಕೈಗಿತ್ತರು. ಮಂದೆಯನ್ನು ಅವನಿಗೇ ಒಪ್ಪಿಸಿದರು. ಬಿದ್ದ ಮಗನಿಗೆ ತೋಟದ ಬೀಗದ ಕೈ ತಿರುಗಿ ಕೊಡುವ ಅಪ್ಪಂದಿರು ನಮ್ಮಲ್ಲಿ ಎಷ್ಟು ಮಂದಿ?

ಇನ್ನು ಆಳವಾದ ಗೀರುಗಳ ಸಂಗತಿ. ಉಗುರಿನ ತುದಿಯನ್ನು ಅಡ್ಡವಾಗಿ ಎಳೆದಾಗ ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಶಿನಿಂದ ಹೋಗುವುದಲ್ಲ. ಹೋಗಿಸಲೇಬೇಕೆಂದು ಹಟ ಹಿಡಿದರೆ ಸುತ್ತಲಿನ ಪದರವನ್ನೆಲ್ಲ ತೆಗೆಯಬೇಕಾಗುತ್ತದೆ. ಇವತ್ತು ಫಳಫಳ ಹೊಳೆಯುತ್ತದೆ. ಕೆಲವು ಬೇಸಿಗೆ ಕಳೆದ ಮೇಲೆ ಬಿಸಿಲಿಗೆ ಸಿಪ್ಪೆ ಏಳುತ್ತದೆ. ಕೆಲಸ ಬಲ್ಲವನು ಅಲ್ಲಿ ಕೈ ತಡೆಯುತ್ತಾನೆ. ಅದರ ಏಣನ್ನಷ್ಟು ಮೃದು ಮಾಡಿ, "ಇದು ಹೀಗೇ ಇರಲಿ" ಎಂದು ಮಾಲೀಕನಿಗೆ ಹೇಳುತ್ತಾನೆ. ಹಾಗೆ ಹೇಳಲು ಎದೆಗಾರಿಕೆ ಬೇಕು, ಮಾಲೀಕರಿಗೆ ಅದು ಇಷ್ಟವಾಗುವುದಿಲ್ಲ. ಗಂಡನ ಒಂದು ಸ್ವಭಾವ, ಹೆಂಡತಿಯ ಒಂದು ಭಯ, ಬುದ್ಧಿ ನಿಧಾನವಾದ ಮಗುವೊಂದರ ಮಿತಿ. ಇವು ಉಗುರಿಗೆ ಸಿಗುವ ಗೀರುಗಳು. ಆಗಮನಕಾಲದಲ್ಲಿ ನಾವು ಕೇಳುವ ಯೆಶಾಯನ ಪ್ರವಾದನೆಯಲ್ಲಿ ಎರಡು ಕೆಲಸಗಳಿವೆ: ಬೆಟ್ಟಗುಡ್ಡಗಳು ತಗ್ಗಬೇಕು, ಹಳ್ಳಕೊಳ್ಳಗಳು ತುಂಬಬೇಕು. ನಮ್ಮ ಯಂತ್ರಕ್ಕೆ ಬರುವುದು ಮೊದಲನೆಯದು ಮಾತ್ರ. ತುಂಬುವ ಕೆಲಸ ದೇವರ ಕೃಪೆಯದು. ಅದಕ್ಕೆ ಅವರ ಸಮಯವಿದೆ, ನಮ್ಮ ಆತುರಕ್ಕೆ ಅದು ಸಿಗುವುದಿಲ್ಲ.

ಕೆಲಸ ಮುಗಿದ ಕಾರನ್ನು ಗ್ಯಾರೇಜಿನ ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ. ಅಲ್ಲಿ ಎಲ್ಲ ಕಾರುಗಳೂ ಚೆನ್ನಾಗಿಯೇ ಕಾಣುತ್ತವೆ. ಬಿಸಿಲಿಗೆ ತನ್ನಿ. ಅವಸರದಲ್ಲಿ ಯಂತ್ರ ಓಡಿಸಿದ್ದರೆ ಬಾನೆಟ್ಟಿನ ಮೇಲೆ ಹಾವಿನ ಹೆಜ್ಜೆಯಂಥ ಸುಳಿಗಳು ತೇಲುತ್ತವೆ. ಅವು ಮಳೆಯಿಂದ ಬಂದವಲ್ಲ, ತಿದ್ದಿದ ಕೈ ಬಿಟ್ಟ ಗುರುತುಗಳು. ಭಾನುವಾರ ಪೂಜೆಗೆ ಸಾಲಾಗಿ ಬಂದು ಮುಂದಿನ ಬೆಂಚಿನಲ್ಲಿ ಕೂರುವ ಶಿಸ್ತಿನ ಮಕ್ಕಳನ್ನು ನೋಡಿ ನಾವು ಮೆಚ್ಚುತ್ತೇವೆ. ಅವರು ಮನೆಯಿಂದ ದೂರ, ಹಾಸ್ಟೆಲಿನಲ್ಲೋ ಹೊರದೇಶದಲ್ಲೋ ಇರುವಾಗ ತಾವಾಗಿ ಅಪ್ಪನಿಗೆ ಫೋನು ಮಾಡುತ್ತಾರೆಯೇ ಎಂಬುದು ಬಿಸಿಲಿನ ಪರೀಕ್ಷೆ.

ಬಣ್ಣ ಈಗಾಗಲೇ ಸುಟ್ಟಿದ್ದರೆ? ಅಲ್ಲಿಗೆ ಇನ್ನಷ್ಟು ಪಾಲಿಶ್ ಔಷಧವಲ್ಲ. ಉಜ್ಜಿದಷ್ಟೂ ಗಾಯ ಅಗಲವಾಗುತ್ತದೆ. ಯಂತ್ರ ಕೆಳಗಿಟ್ಟು ಬಣ್ಣ ತರಬೇಕು. ಪೋಪ್ ಫ್ರಾನ್ಸಿಸ್ 2016ರ ತಮ್ಮ 'ಅಮೋರಿಸ್ ಲೆತೀಸಿಯ' ಪತ್ರದಲ್ಲಿ ಮನೆಗೆ ಬೇಕಾದ ಮೂರು ಮಾತುಗಳನ್ನು ನೆನಪಿಸಿದ್ದರು. ಅಪ್ಪಣೆ ಕೇಳುವುದು, ಉಪಕಾರ ನೆನೆಯುವುದು, ಕ್ಷಮೆ ಬೇಡುವುದು. ಮೂರನೆಯದು ದೊಡ್ಡವರ ಬಾಯಿಂದ ಚಿಕ್ಕವರಿಗೆ ಬರುವುದು ನಮ್ಮ ಕಡೆ ಅಪರೂಪ. ಕ್ರಿಸ್ಮಸ್ಸಿಗೆ ಮುಂಚೆ ಪಾಪನಿವೇದನೆಗೆ ನಾವೆಲ್ಲ ಸಾಲಿನಲ್ಲಿ ನಿಲ್ಲುತ್ತೇವೆ. ಮಗನಿಗೆ ಆಡಿದ ಮಾತಿಗೆ ದೇವರ ಕ್ಷಮೆ ಅಲ್ಲಿ ಸಿಗುತ್ತದೆ. ಮಗನ ಕ್ಷಮೆ ಕೇಳಲು ಅಡುಗೆಮನೆಯ ಬಾಗಿಲವರೆಗೋ, ಅವನು ಮಲಗುವ ಕೋಣೆಯವರೆಗೋ ನಡೆದು ಹೋಗಬೇಕು. "ಮಗಾ, ಅವತ್ತು ನಾನು ಹಾಗೆ ಹೇಳಬಾರದಿತ್ತು" ಎಂದರೆ ಸಾಕು, ಅದರ ಹಿಂದೆ "ಆದರೆ ನೀನೂ..." ಎಂದು ಸೇರಿಸಬೇಡಿ. ಅವನು ಆ ಕ್ಷಣ ಏನೂ ಹೇಳದಿರಬಹುದು, ಮುಖ ತಿರುಗಿಸಿಕೊಂಡೇ ಇರಬಹುದು. ಹೊಸದಾಗಿ ಹೊಡೆದ ಬಣ್ಣ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅಲ್ಲಿಯವರೆಗೆ ಅದರ ಮೇಲೆ ಮೇಣ ಹಚ್ಚುವುದಿಲ್ಲ, ಬಟ್ಟೆ ಹಾಕಿ ತಿಕ್ಕುವುದಿಲ್ಲ. ಮೆಲ್ಲಗೆ ನೀರು ಬಿಟ್ಟು ತೊಳೆದು, ನೆರಳಿನಲ್ಲಿ ನಿಲ್ಲಿಸುತ್ತಾರೆ.